ಅಂಗಡಿಗೆ ಮೊದಲು ಗಿರಾಕಿ

ವ್ಯಾಪಾರ ಹೂಡುವುದಕ್ಕೆ ಒಂದು ಹಳೆಯ ಕ್ರಮವುಂಟು. ಮೊದಲು ಮಳಿಗೆ ಹಿಡಿಯಬೇಕು, ಮುಂಗಡ ಕೊಡಬೇಕು, ಸಾಲ ಮಾಡಿ ಸರಕು ತುಂಬಬೇಕು, ಒಳ್ಳೆಯ ದಿನ ನೋಡಿ ಪೂಜೆ ಮಾಡಿ ಬಾಗಿಲು ತೆರೆಯಬೇಕು. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಬೀದಿಯತ್ತ ನೋಡುತ್ತ, ಗಿರಾಕಿಗಾಗಿ ಕಾಯಬೇಕು. ಬಂದರೆ ಭಾಗ್ಯ, ಬಾರದಿದ್ದರೆ ವರ್ಷ ತುಂಬುವುದರೊಳಗೆ ಬಾಗಿಲಿಗೆ ಬೀಗ, ತಲೆಯ ಮೇಲೆ ಸಾಲ.

ಅಂತರ್ಜಾಲವು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಇಂದಿನ ಅನೇಕ ತರುಣ ತರುಣಿಯರು ಮೊದಲು ಜನರನ್ನು ಕೂಡಿಸುತ್ತಾರೆ. ಅಂಗಡಿಯನ್ನು ಆಮೇಲೆ ತೆರೆಯುತ್ತಾರೆ. ಅಡುಗೆಯನ್ನೋ ಹೊಲಿಗೆಯನ್ನೋ ಪಾಠವನ್ನೋ ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಪುಕ್ಕಟೆಯಾಗಿ ತೋರಿಸುತ್ತ ಹೋಗುವುದು. ನೋಡುವವರು ಹೆಚ್ಚಿ, ಅವರಿಗೆ ನಂಬಿಕೆ ಕುದುರಿದ ಮೇಲೆ, ತಮ್ಮದೊಂದು ಸರಕನ್ನು ಮುಂದಿಡುವುದು. ನಮ್ಮ ಮನೆಗಳಲ್ಲಿ ಹುಡುಗನೋ ಹುಡುಗಿಯೋ ಮೊಬೈಲನ್ನು ನಿಲ್ಲಿಸಿಕೊಂಡು ಮಾತನಾಡುವುದನ್ನು ಕಂಡು, 'ಇದೆಂಥ ಹುಚ್ಚು?' ಎಂದು ಹಿರಿಯರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹುಡುಕುವುದು ಅವಶ್ಯ.

ಮಾರ್ಗ ಹೊಸತಾದರೂ ಅದರ ಒಳತಿರುಳು ಕನ್ನಡಿಗರಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಳಗನಾಥರು ಅಗಡಿಯಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಓದುಗರನ್ನು ಕೂಡಿಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಮ್ಮ ಕಾದಂಬರಿಗಳನ್ನು ತಾವೇ ಮಾರಿದರು. ಕನ್ನಡ ಓದುವ ಬಳಗವನ್ನೇ ಕಟ್ಟಬೇಕಾಗಿದ್ದ ಕಾಲವದು. ಓದುಗನನ್ನು ಮೊದಲು ಗಳಿಸದೆ ಪುಸ್ತಕ ಮಾರಲಾಗದೆಂಬುದನ್ನು ಆ ಮಹನೀಯರು ಚೆನ್ನಾಗಿ ಅರಿತಿದ್ದರು.

ಒಂದು ಬಿಳಿ ಹಲಗೆ, ಒಂದು ಕ್ಯಾಮೆರಾ

ಈ ಕಾಲದ ನಿದರ್ಶನಕ್ಕೆ ಪ್ರಯಾಗರಾಜದ ಅಲಖ್ ಪಾಂಡೆಯವರನ್ನು ನೋಡಬಹುದು. ಕಾನ್ಪುರದಲ್ಲಿ ಇಂಜಿನಿಯರಿಂಗ್ ಓದಲು ಹೋದ ಅವರು ಪದವಿ ಮುಗಿಸದೆ ಊರಿಗೆ ಮರಳಿ, ಸಣ್ಣ ಸಂಬಳಕ್ಕೆ ಖಾಸಗಿ ತರಗತಿಗಳಲ್ಲಿ ಪಾಠ ಹೇಳುತ್ತಿದ್ದರು. 2014ರಲ್ಲಿ 'ಫಿಸಿಕ್ಸ್ ವಾಲಾ' ಎಂಬ ಹೆಸರಿನಲ್ಲಿ ಯೂಟ್ಯೂಬ್ ವಾಹಿನಿ ತೆರೆದರು. ಎರಡು ವರ್ಷದ ತರುವಾಯ ಅದರಲ್ಲಿ ನಿಯತವಾಗಿ ಪಾಠ ಹಾಕತೊಡಗಿದರು. ಒಂದು ಬಿಳಿ ಹಲಗೆ, ಒಂದು ಕ್ಯಾಮೆರಾ, ಬಾಯಿತುಂಬ ಹಿಂದಿ ಮಾತು: ಬಂಡವಾಳ ಇಷ್ಟೇ. ಇಂಜಿನಿಯರಿಂಗ್, ವೈದ್ಯಕೀಯ ಪ್ರವೇಶ ಪರೀಕ್ಷೆಗಳಿಗಾಗಿ ಕೋಟಾ ನಗರಕ್ಕೆ ಮಕ್ಕಳನ್ನು ಕಳುಹಿಸಲು ಶಕ್ತಿಯಿಲ್ಲದ ಮನೆಗಳಿಗೆ ಆ ಪಾಠಗಳು ಕೈಗೆಟಕಿದವು.

ವರ್ಷಗಟ್ಟಲೆ ಹೀಗೆ ಬಿಟ್ಟಿಯಾಗಿ ಕಲಿಸಿದ ಮೇಲೆ, 2020ರಲ್ಲಿ ಅವರು ಪ್ರತೀಕ್ ಮಾಹೇಶ್ವರಿಯವರೊಡನೆ ಸಂಸ್ಥೆ ಕಟ್ಟಿ ಆ್ಯಪ್ ಹೊರತಂದರು. ಕೋಟಾದಂಥ ಊರುಗಳಲ್ಲಿ ವರ್ಷಕ್ಕೆ ಲಕ್ಷ ರೂಪಾಯಿ ಮೀರುವ ತರಬೇತಿಗೆ ಇಲ್ಲಿ ಆಗ ಸಾವಿರ ರೂಪಾಯಿಯ ಒಳಗಿನ ಶುಲ್ಕವಿತ್ತು. ಗಿರಾಕಿಗಳನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. ಅವರು ಆಗಲೇ ಬಾಗಿಲಲ್ಲಿ ನಿಂತಿದ್ದರು. 2022ರ ಜೂನ್ ತಿಂಗಳಲ್ಲಿ ಹೂಡಿಕೆದಾರರು 10 ಕೋಟಿ ಡಾಲರ್ ತೊಡಗಿಸಿದಾಗ ಸಂಸ್ಥೆಯ ಬೆಲೆ 110 ಕೋಟಿ ಡಾಲರ್ ಎಂದು ಗಣನೆಯಾಯಿತು. 2025ರ ನವೆಂಬರಿನಲ್ಲಿ ಸುಮಾರು 3,480 ಕೋಟಿ ರೂಪಾಯಿಯ ಷೇರು ವಿಕ್ರಯದೊಡನೆ ಅದು ಷೇರುಪೇಟೆಯನ್ನೂ ಪ್ರವೇಶಿಸಿತು.

ಈ ಏಳಿಗೆಯ ಗುಟ್ಟೇನು? ಕೇಳುವುದಕ್ಕೆ ಮೊದಲು ಕೊಟ್ಟದ್ದು. ಎಲ್ಲರನ್ನೂ ಮೆಚ್ಚಿಸ ಹೊರಡದೆ ಒಂದೇ ವಿಷಯವನ್ನು ಒಂದೇ ಬಗೆಯ ವಿದ್ಯಾರ್ಥಿಗೆ ಹೇಳಿದ್ದು. ಕೊನೆಗೆ ಬೆಲೆ ಕಟ್ಟುವಾಗ, ತನ್ನ ಮುಂದೆ ಕುಳಿತವನ ಜೇಬನ್ನು ಮರೆಯದಿದ್ದದ್ದು. ಸಾಮಾನ್ಯ ವರ್ತಕನು ಜಾಹೀರಾತಿಗೆ ಸುರಿಯುವ ಹಣದ ಬದಲಿಗೆ ಇಲ್ಲಿ ಹಲವು ವರ್ಷಗಳ ದುಡಿಮೆ ಸಂದಿತು. ಆದುದರಿಂದ, ಇಂಥ ವ್ಯಾಪಾರ ಬಂಡವಾಳವಿಲ್ಲದೆ ನಡೆಯುತ್ತದೆಂದು ತಿಳಿಯುವುದು ತಪ್ಪು. ಹಣವಿಲ್ಲದೆ ಆರಂಭವಾಗಬಹುದು, ಕಾಲವಿಲ್ಲದೆ ಆಗದು.

ಜನಪ್ರಿಯತೆ ಬೇರೆ, ಲಾಭ ಬೇರೆ

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಇದೇ ಸಂಸ್ಥೆ 2024–25ನೆಯ ಸಾಲಿನಲ್ಲಿ 2,800 ಕೋಟಿ ರೂಪಾಯಿಗೂ ಮಿಕ್ಕ ವರಮಾನ ಪಡೆದೂ ಸುಮಾರು 243 ಕೋಟಿ ರೂಪಾಯಿ ನಷ್ಟ ತೋರಿಸಿತು. ಅಂತರ್ಜಾಲದಲ್ಲಿ ಹುಟ್ಟಿದ ಸಂಸ್ಥೆಯು ಈಗ ಊರೂರುಗಳಲ್ಲಿ ಕಟ್ಟಡ ಹಿಡಿದು ತರಗತಿ ನಡೆಸುತ್ತದೆ; ಬಾಡಿಗೆ, ಸಂಬಳಗಳ ಹಳೆಯ ಲೆಕ್ಕ ಅದಕ್ಕೂ ತಪ್ಪಿದ್ದಲ್ಲ. 2023ರಲ್ಲಿ ಕೆಲವು ಅಧ್ಯಾಪಕರು ಅಲ್ಲಿಂದ ಹೊರಬಂದು ತಮ್ಮದೇ ವಾಹಿನಿ ತೆರೆದರು. ವಿದ್ಯಾರ್ಥಿಯ ಅಭಿಮಾನವು ಸಂಸ್ಥೆಯ ಫಲಕಕ್ಕಿಂತ ಪಾಠ ಹೇಳುವ ಮುಖವನ್ನೇ ಹೆಚ್ಚಾಗಿ ಹಿಂಬಾಲಿಸುವುದಷ್ಟೆ! ಒಬ್ಬನನ್ನು ಮೇಲೆತ್ತಿದ ದಾರಿ ಅವನ ಜೊತೆಗಾರನಿಗೂ ತೆರೆದಿರುತ್ತದೆ.

ಇನ್ನೂ ದೊಡ್ಡ ಅಪಾಯವೆಂದರೆ ನೆಲ ನಮ್ಮದಲ್ಲದಿರುವುದು. ಭಾರತ ಸರ್ಕಾರವು 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಅವುಗಳಲ್ಲೊಂದು. ದೇಶದ ರಕ್ಷಣೆಯ ಕಾರಣದಿಂದ ಕೈಗೊಂಡ ನಿರ್ಧಾರವದು. ಹಳ್ಳಿಪೇಟೆಗಳಲ್ಲಿ ಕುಳಿತು ಅಲ್ಲಿ ಲಕ್ಷಾಂತರ ಅಭಿಮಾನಿಗಳನ್ನು ಸಂಪಾದಿಸಿದ್ದವರು ತಮ್ಮದೇನೂ ತಪ್ಪಿಲ್ಲದೆ ಆ ಸಂಪಾದನೆಯನ್ನು ಕಳೆದುಕೊಂಡರು. ಪರರ ಜಗಲಿಯ ಮೇಲೆ ಹರಡಿದ ಸರಕು ಎಷ್ಟಾದರೂ ಪರರ ಜಗಲಿಯ ಮೇಲಿನದೇ. ವಿವೇಕಿಯಾದವನು ಕೊಳ್ಳುವವರ ಒಪ್ಪಿಗೆ ಪಡೆದು ಅವರ ದೂರವಾಣಿ ಸಂಖ್ಯೆಯನ್ನೋ ಇ-ಮೇಲ್ ವಿಳಾಸವನ್ನೋ ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ.

ನಂಬಿಕೆಯೆಂಬ ಸಾಲ

ನಂಬಿ ಬಂದವರನ್ನು ಏನು ಮಾಡುತ್ತೇವೆ ಎಂಬುದೇ ಕಡೆಯ ಮಾತು. ಷೇರುಪೇಟೆಯ ಪಾಠ ಹೇಳುತ್ತೇನೆಂದು ಜನರನ್ನು ಕೂಡಿಸಿ, ನೋಂದಣಿಯಿಲ್ಲದೆ ಹೂಡಿಕೆಯ ಸಲಹೆ ಮಾರಿದನೆಂಬ ಕಾರಣಕ್ಕೆ, 2023ರ ಅಕ್ಟೋಬರಿನಲ್ಲಿ ಸೆಬಿ ಸಂಸ್ಥೆಯು ಒಬ್ಬಾತನಿಗೂ ಅವನ ಸಂಗಡಿಗರಿಗೂ ಸುಮಾರು 17 ಕೋಟಿ ರೂಪಾಯಿ ಠೇವಣಿಯಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತ್ತು. ಹಣವನ್ನೋ ಉಡುಗೊರೆಯನ್ನೋ ಪಡೆದು ಒಂದು ಸರಕನ್ನು ಹೊಗಳುವವರು ಆ ಸಂಗತಿಯನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬುದು ಅದರ ಸಾರ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವುಂಟು.

ಕಾನೂನು ಕೈಹಾಕುವ ಮೊದಲೇ ಮನಸ್ಸು ಎಚ್ಚರವಿರುವುದು ಲೇಸು. ಪುಕ್ಕಟೆಯಾಗಿ ಕಲಿಸಿದವನ ಮಾತನ್ನು ನೋಡುಗನು ಬಂಧುವಿನ ಮಾತಿನಂತೆ ಕೇಳಿರುತ್ತಾನೆ. ಆತನೇ ಒಂದು ದಿನ ತಕ್ಕಡಿ ಹಿಡಿದು ನಿಂತಾಗ, ತೂಕ ನೋಡಬೇಕೆಂದು ಕೇಳುಗನಿಗೆ ತೋಚುವುದಿಲ್ಲ. ಈ ವ್ಯಾಪಾರದ ಬಲವೂ ಅದೇ, ಪಾಪದ ಎಡೆಯೂ ಅದೇ. ಅಂಗಡಿಯವನಲ್ಲಿ ಮೋಸಹೋದವನು ಹಣ ಕಳೆದುಕೊಂಡಾನು. ಇಲ್ಲಿ ಮೋಸಹೋದವನು ಹಣದೊಡನೆ ಒಬ್ಬ ಮೇಷ್ಟರನ್ನು, ಒಬ್ಬ ಅಕ್ಕನನ್ನು ಕಳೆದುಕೊಳ್ಳುತ್ತಾನೆ.

ಹಾಗಾದರೆ, ಮೊಬೈಲ್ ಮುಂದೆ ನಿಂತ ಮಗಳನ್ನು ಗದರಿಸಬೇಕೆ? ಬೇಡ. ಆಕೆಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆಂದು ಕೇಳಿರಿ. ಉಪ್ಪಿನಕಾಯಿಯಾದರೆ ಉಪ್ಪಿನಕಾಯಿಯ ಕುರಿತೇ ವರ್ಷವಿಡೀ ಹೇಳಲಿ. ಮಾವಿನ ಮಿಡಿ ಯಾವಾಗ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನೂ ಮುಚ್ಚಿಡದೆ ತೋರಿಸಲಿ. ಕೇಳುವವರು ಸೇರಿದ ಮೇಲೆ ಐವತ್ತು ಜಾಡಿ ಹಾಕಿ ಮಾರಿ ನೋಡಲಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಖರ್ಚುವೆಚ್ಚದ ಲೆಕ್ಕ, ಇವೆರಡನ್ನೂ ಮೊದಲ ಜಾಡಿಯಿಂದಲೇ ಮಾಡಿಕೊಳ್ಳಲಿ. ಅನುಯಾಯಿಗಳ ಎಣಿಕೆಯನ್ನು ಕಂಡು ಯಾರೂ ಉದ್ಯೋಗ ಬಿಡುವುದು ಬೇಡ, ಮನೆಯ ಒಡವೆ ಅಡವಿಡುವುದು ಬೇಡ. ನೋಡಿದ ಹತ್ತು ಸಾವಿರ ಮಂದಿಗಿಂತ, ಒಮ್ಮೆ ಕೊಂಡು ಮತ್ತೆ ಕೇಳಿ ಬಂದ ನೂರು ಮಂದಿ ಹೆಚ್ಚು ನಿಜವಾದ ಲೆಕ್ಕ.