ಕಣಕ್ಕಿಳಿಯುವ ಮುನ್ನ ದೇಹಬಲ: ಅಭ್ಯರ್ಥಿಗೂ ಮನೆಯವರಿಗೂ 12 ವಾರಗಳ ಅಭ್ಯಾಸ

ಚುನಾವಣೆ ಘೋಷಣೆಯಾದೊಡನೆ ಅಭ್ಯರ್ಥಿಯ ಹಣ, ಪಕ್ಷ, ಪ್ರಭಾವ, ಬಂಧುಬಳಗಗಳ ಲೆಕ್ಕಾಚಾರ ಊರ ಕಟ್ಟೆಗಳ ಮೇಲೆ ಆರಂಭವಾಗುತ್ತದೆ. ಆತನ ದೇಹ ಈ ಶ್ರಮವನ್ನು ತಾಳಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಲೋಕಸಭೆ, ವಿಧಾನಸಭೆಗಳ ಅಭ್ಯರ್ಥಿಯು ನಾಮಪತ್ರದೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ತಿಳಿಸಬೇಕಾಗುತ್ತದೆ. ಆರೋಗ್ಯದ ವಿವರ ಅಲ್ಲಿಲ್ಲ. ಆದುದರಿಂದ ತನ್ನ ದೇಹದ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವ ಹೊಣೆ ಅಭ್ಯರ್ಥಿಯದೇ, ಆತನ ಮನೆಯವರದೇ ಆಗಿರುತ್ತದೆ.

ಭಕ್ತಬಂಧುಗಳಲ್ಲಿ ಗ್ರಾಮ ಪಂಚಾಯಿತಿಗೆ, ಸಹಕಾರ ಸಂಘಕ್ಕೆ ಸ್ಪರ್ಧಿಸುವವರು ಅನೇಕರಿದ್ದಾರೆ. ಅವರ ಜೊತೆಯಲ್ಲಿ ಮನೆ ಮನೆ ಸುತ್ತುವವರು ಇನ್ನೂ ಹೆಚ್ಚು. ಈ ಲೇಖನವು ಮೊದಲಿಗೆ ಅವರನ್ನು ಕುರಿತದ್ದು. ಆದರೆ ಇಲ್ಲಿ ಹೇಳುವ ಅಭ್ಯಾಸವು ಚುನಾವಣೆಯ ಗೊಡವೆಯೇ ಇಲ್ಲದ ಗೃಹಸ್ಥರಿಗೂ ಅಷ್ಟೇ ಸಲ್ಲುತ್ತದೆ.

ಹದಿನಾಲ್ಕು ದಿನಗಳಲ್ಲಿ ಬಲ ಬರುವುದಿಲ್ಲ

ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನಗಳ ಅವಧಿ ಇರಬೇಕು. ಪ್ರಚಾರದ ಬಿರುಸೆಲ್ಲ ಬಹುಮಟ್ಟಿಗೆ ಈ ದಿನಗಳಲ್ಲಿಯೇ. ವರ್ಷವಿಡೀ ಕಾರಿನಲ್ಲಿ ಕುಳಿತು ಸಂಚರಿಸಿದ ವ್ಯಕ್ತಿಯು ಒಮ್ಮೆಲೇ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಡೆಯುತ್ತಾನೆ, ತೆರೆದ ವಾಹನದಲ್ಲಿ ನಿಲ್ಲುತ್ತಾನೆ, ಕೂಗಿ ಮಾತನಾಡುತ್ತಾನೆ. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 2018ರಲ್ಲಿ ಮೇ 12ರಂದು, 2023ರಲ್ಲಿ ಮೇ 10ರಂದು ಮತದಾನ ನಡೆಯಿತು. ಅಂದರೆ ಈ ಶ್ರಮವೆಲ್ಲ ಗ್ರೀಷ್ಮದ ಬಿಸಿಲಿನಲ್ಲಿ.

2018ರ ಆ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಅಭ್ಯರ್ಥಿ, ಹಾಲಿ ಶಾಸಕ ಬಿ.ಎನ್. ವಿಜಯಕುಮಾರ್ ಅವರು ಪ್ರಚಾರದ ನಡುವೆಯೇ ಕುಸಿದು, ಮೇ 4ರಂದು ಹೃದಯಾಘಾತದಿಂದ ನಿಧನರಾದರು. ಅಲ್ಲಿನ ಮತದಾನವನ್ನು ಮುಂದೂಡಿ ಜೂನ್ 11ರಂದು ನಡೆಸಲಾಯಿತು. ಒಬ್ಬರ ಮರಣಕ್ಕೆ ಪ್ರಚಾರದ ಶ್ರಮವೇ ಕಾರಣವೆಂದು ಹೊರಗಿನವರು ನಿರ್ಣಯಿಸುವುದು ಸಲ್ಲದು. ಆದರೆ ಒಂದು ಹೃದಯ ನಿಂತರೆ ಕುಟುಂಬದೊಡನೆ ಇಡೀ ಕ್ಷೇತ್ರವೇ ಸ್ತಬ್ಧವಾಗುತ್ತದೆ ಎಂಬುದನ್ನು ಆ ಘಟನೆ ನಮಗೆ ತೋರಿಸಿತು.

ದೇಹಬಲವನ್ನು ತರಾತುರಿಯಲ್ಲಿ ಸಂಪಾದಿಸಲಾಗದು ಎಂಬುದಕ್ಕೆ ಕಾರಣವಿದೆ. ವ್ಯಾಯಾಮ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿಯು ಬಹುಪಾಲು ನರಗಳು ಸ್ನಾಯುಗಳನ್ನು ಸಮರ್ಪಕವಾಗಿ ದುಡಿಸಲು ಕಲಿತದ್ದರ ಫಲ. ಸ್ನಾಯುವು ನಿಜವಾಗಿ ಪುಷ್ಟಿಗೊಳ್ಳುವುದು, ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕುವುದನ್ನು ರೂಢಿಸಿಕೊಳ್ಳುವುದು ಎರಡು ಮೂರು ತಿಂಗಳ ಕೆಲಸ. ಆದುದರಿಂದ ಅಭ್ಯಾಸಕ್ಕೆ 12 ವಾರಗಳಾದರೂ ಬೇಕು.

ನಡೆದವರ ಉದಾಹರಣೆ

1930ರಲ್ಲಿ ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್ ನಡೆದಾಗ ಅವರಿಗೆ 60 ವರ್ಷ. ಮಾರ್ಚ್ 12ರಂದು ಹೊರಟು ಏಪ್ರಿಲ್ 5ರಂದು ತಲುಪಿದರು. ಬೆಳಿಗ್ಗೆ ಮತ್ತು ಸಂಜೆ ನಡಿಗೆ, ನಡುಹಗಲು ತಂಗುವಿಕೆ, ಸೋಮವಾರ ವಿಶ್ರಾಂತಿ. ಇದು ಅವರ ಕ್ರಮ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ದಿನವೂ ಮೈಲಿಗಟ್ಟಲೆ ನಡೆಯುವ ರೂಢಿ ಅವರಿಗಿತ್ತು. ದಂಡಿಯ ದಾರಿಯನ್ನು ತಾಳಿದ ಕಾಲುಗಳು ನಾಲ್ಕು ದಶಕಗಳ ನಿತ್ಯಾಭ್ಯಾಸದಿಂದ ಸಿದ್ಧಗೊಂಡಿದ್ದವು.

ಮನೆಯಲ್ಲಿಯೇ ದೇಹವನ್ನು ಕಟ್ಟಿಕೊಂಡವರಿಗೆ ಅಮೆರಿಕದ ಥಿಯೋಡೋರ್ ರೂಸ್‌ವೆಲ್ಟ್ ಒಳ್ಳೆಯ ನಿದರ್ಶನ. ಬಾಲ್ಯದಲ್ಲಿ ಅವರು ಉಬ್ಬಸದಿಂದ ನರಳುತ್ತಿದ್ದ ಕೃಶಶರೀರಿ. ತಂದೆಯು ಮನೆಯ ಹಿಂಬದಿಯ ಪಡಸಾಲೆಯಲ್ಲಿಯೇ ವ್ಯಾಯಾಮದ ಸಲಕರಣೆಗಳನ್ನು ಜೋಡಿಸಿಕೊಟ್ಟರು. ಹುಡುಗ ಅಲ್ಲಿ ನಿಯಮದಿಂದ ಅಭ್ಯಾಸ ಮಾಡಿದ. 1901ರಲ್ಲಿ, 42ನೆಯ ವಯಸ್ಸಿನಲ್ಲಿ, ಆತ ಆ ದೇಶದ ಅಧ್ಯಕ್ಷನಾದ.

ಅದೇ ವಂಶದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ವೃತ್ತಾಂತವು ಇನ್ನೊಂದು ಪಾಠವನ್ನು ಹೇಳುತ್ತದೆ. 1921ರಲ್ಲಿ ಅವರ ಕಾಲುಗಳು ಪೋಲಿಯೋದಿಂದ ಸ್ವಾಧೀನ ತಪ್ಪಿದವು. ಆಸರೆಯಿಲ್ಲದೆ ನಿಲ್ಲಲಾರದ ಅವರು 1932ರಿಂದ ನಾಲ್ಕು ಬಾರಿ ಅಧ್ಯಕ್ಷರಾಗಿ ಆಯ್ಕೆಯಾದರು. ಅಂಗವೈಕಲ್ಯವು ಅಯೋಗ್ಯತೆಯಲ್ಲ. ಅವರನ್ನು ಕೆಡವಿದ್ದು ಕಣ್ಣಿಗೆ ಕಾಣದ ರಕ್ತದೊತ್ತಡ. 1944ರ ಮಾರ್ಚಿನಲ್ಲಿ ವೈದ್ಯರು ಅಳೆದಾಗ ಅದು 186/108 ಇತ್ತು. ಈ ಸಂಗತಿಯು ಜನರಿಗೆ ತಿಳಿಯಲಿಲ್ಲ. ನವೆಂಬರಿನಲ್ಲಿ ಅವರು ಗೆದ್ದರು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಂದು ಪರಿಣಾಮಕಾರಿಯಾದ ಔಷಧಗಳಿರಲಿಲ್ಲ. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇವೆ. ಅಳತೆ ಮಾಡಿಸಿಕೊಳ್ಳುವ ಮನಸ್ಸು ಮಾತ್ರ ಬೇಕು.

ಅರ್ಧಶಕ್ತಿಯ ನಿಯಮ

ದೇಹದಲ್ಲಿ ಹಗುರತೆ, ಕಾರ್ಯಸಾಮರ್ಥ್ಯ, ಚುರುಕಾದ ಜಠರಾಗ್ನಿ, ಮೇದಸ್ಸಿನ ಕ್ಷಯ ಇವು ವ್ಯಾಯಾಮದ ಫಲಗಳೆಂದು ವಾಗ್ಭಟಾಚಾರ್ಯರು ಹೇಳಿದ್ದಾರೆ. ಅದರೊಡನೆ ಒಂದು ಮಿತಿಯನ್ನೂ ಹಾಕಿದ್ದಾರೆ. ಬಲವಂತರು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಮಿತಿಮೀರಿದರೆ ಬಾಯಾರಿಕೆ, ಏದುಸಿರು, ಬಳಲಿಕೆ, ಕೆಮ್ಮು, ಜ್ವರ, ವಾಂತಿ ಉಂಟಾಗುವುವು. ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಇಂದಿನ ವೈದ್ಯರು ಹೇಳುವ ಮಾತಿನ ಪರೀಕ್ಷೆಯೂ ಇದಕ್ಕೆ ಹತ್ತಿರವಾಗಿದೆ: ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಮಾತೂ ಹೊರಡದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ.

ವೃದ್ಧರು ವ್ಯಾಯಾಮವನ್ನು ವರ್ಜಿಸಬೇಕೆಂಬ ಶಾಸ್ತ್ರವಚನವನ್ನು ಮುಂದಿಟ್ಟು ಸುಮ್ಮನೆ ಕೂರುವವರಿದ್ದಾರೆ. ಅಲ್ಲಿ ಹೇಳಿರುವುದು ಆಯಾಸಕರವಾದ ಕಠಿಣ ವ್ಯಾಯಾಮವನ್ನು ಕುರಿತು. ದೇಹಕ್ಕೆ ಪೀಡೆಯಾಗದಂತಹ ನಡಿಗೆಯು ಆಯುಷ್ಯ, ಬಲ, ಮೇಧೆ, ಅಗ್ನಿಗಳನ್ನು ವೃದ್ಧಿಪಡಿಸುತ್ತದೆಂದು ಸುಶ್ರುತಾಚಾರ್ಯರು ಪ್ರತ್ಯೇಕವಾಗಿ ಹೇಳಿದ್ದಾರೆ.

ಮನೆಯಲ್ಲಿ ಮಾಡುವ ಕ್ರಮ

ಮೊದಲು ರಕ್ತದೊತ್ತಡ ಮತ್ತು ಖಾಲಿ ಹೊಟ್ಟೆಯ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಮೆಟ್ಟಿಲೇರುವಾಗ ಎದೆನೋವು, ಅತಿಯಾದ ಏದುಸಿರು ಅಥವಾ ತಲೆಸುತ್ತು ಇರುವವರು, ರಕ್ತದೊತ್ತಡ 180/110ನ್ನು ಮೀರಿದವರು ವೈದ್ಯರನ್ನು ಕಾಣದೆ ಆರಂಭಿಸಬಾರದು.

ಅನಂತರ ತಮ್ಮ ಕಾಲಿನ ಬಲವನ್ನು ತಾವೇ ಅಳೆಯಬಹುದು. ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ಣವಾಗಿ ಎದ್ದು ನಿಲ್ಲಬಲ್ಲಿರೆಂದು ಎಣಿಸಿ. 60ರಿಂದ 64 ವರ್ಷದವರಲ್ಲಿ ಪುರುಷರು 14ಕ್ಕಿಂತ, ಸ್ತ್ರೀಯರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಬಲ ಸರಾಸರಿಗಿಂತ ಕಡಿಮೆಯೆಂದು ಎಣಿಕೆ. ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

1ರಿಂದ 4ನೆಯ ವಾರ: ದಿನಕ್ಕೆ 20 ನಿಮಿಷ ನಡಿಗೆ, ಒಮ್ಮೆಲೇ ಆಗದಿದ್ದರೆ 10 ನಿಮಿಷದಂತೆ ಎರಡು ಬಾರಿ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು 8 ಬಾರಿ, ಗೋಡೆಗೆ ಅಂಗೈ ಊರಿ ದಂಡ ತೆಗೆಯುವುದು 8 ಬಾರಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಬಾರಿ. ಪ್ರತಿಯೊಂದೂ ಎರಡು ಸುತ್ತು.

5ರಿಂದ 8ನೆಯ ವಾರ: ವಾರಕ್ಕೆ ಐದು ದಿನ 30 ನಿಮಿಷಗಳ ಬಿರುಸಾದ ನಡಿಗೆ. ಹೀಗೆ ವಾರಕ್ಕೆ 150 ನಿಮಿಷಗಳಾಗುತ್ತವೆ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಕನಿಷ್ಠ ಪ್ರಮಾಣ ಇದೇ. ಮೇಲಿನ ಅಭ್ಯಾಸಗಳನ್ನು 12ಕ್ಕೆ ಏರಿಸಿ. ಒಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಹಿಡಿದು ತಲೆಯ ಮೇಲಕ್ಕೆ ಎತ್ತುವುದನ್ನು ಸೇರಿಸಿ.

9ರಿಂದ 12ನೆಯ ವಾರ: ವಾರದಲ್ಲಿ ಎರಡು ದಿನ ಬೆಳಿಗ್ಗೆಯೂ ಸಂಜೆಯೂ 30 ನಿಮಿಷ ನಡಿಗೆ. ಮಂಡಿನೋವಿಲ್ಲದವರು ಅರ್ಧ ಬಸ್ಕಿ, ಅಭ್ಯಾಸವಿದ್ದವರು 4ರಿಂದ 6 ಸೂರ್ಯನಮಸ್ಕಾರ ಮಾಡಬಹುದು. ಕೊನೆಯಲ್ಲಿ ಕುರ್ಚಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಹಳೆಯ ಸಂಖ್ಯೆಯೊಡನೆ ಹೋಲಿಸಿ.

ಹಿಮ್ಮಡಿ ಎತ್ತುವ ಅಭ್ಯಾಸವನ್ನು ಅಲ್ಪವೆಂದು ಬಿಡಬಾರದು. ಮೀನಖಂಡದ ಸ್ನಾಯುಗಳು ಸಂಕುಚಿಸಿದಾಗ ಕಾಲಿನ ರಕ್ತ ಮೇಲಕ್ಕೆ ನೂಕಲ್ಪಡುತ್ತದೆ. ವಾಹನದಲ್ಲಿ ಅಲುಗಾಡದೆ ಗಂಟೆಗಟ್ಟಲೆ ನಿಂತವರ ಪಾದಗಳು ಊದುವುದು ಈ ಕ್ರಿಯೆ ನಿಂತುಹೋಗುವುದರಿಂದ. ನಿಂತಲ್ಲಿಯೇ ಆಗಾಗ ಹಿಮ್ಮಡಿ ಎತ್ತಿದರೆ ಊತ ತಗ್ಗುತ್ತದೆ.

ಮಹಿಳೆಯರಿಗೆ ಒಂದು ಮಾತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲು. ಅಭ್ಯರ್ಥಿಯಾದ ಗೃಹಿಣಿಯು ಬೆಳಗಿನ ಅಡುಗೆ ಮುಗಿಸಿ, ತಾನು ಉಣ್ಣದೆ ಪ್ರಚಾರಕ್ಕೆ ಹೊರಡುವುದನ್ನು ನಾನು ಪ್ರತಿ ಚುನಾವಣೆಯಲ್ಲಿಯೂ ಕಾಣುತ್ತೇನೆ. ಆ ದಿನಗಳಲ್ಲಿ ಅಡುಗೆಮನೆಯ ಹೊಣೆಯನ್ನು ಮನೆಯ ಗಂಡಸರು ಹೊರುವುದು ಆಕೆಗೆ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ.

ಪ್ರಚಾರದ ದಿನಗಳಲ್ಲಿ

ಬೆಳಿಗ್ಗೆ 11ರಿಂದ 3 ಗಂಟೆಯವರೆಗೆ ಬಿಸಿಲಿಗೆ ಹೋಗದಿರುವುದು ಉತ್ತಮ. ಬಾಯಾರಿಕೆಗೆ ಕಾಯದೆ ನೀರು, ಉಪ್ಪು ಬೆರೆಸಿದ ತೆಳು ಮಜ್ಜಿಗೆ ಕುಡಿಯುತ್ತಿರಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಮತ್ತು ರಕ್ತದೊತ್ತಡವುಳ್ಳವರು ನೀರು, ಉಪ್ಪಿನ ಪ್ರಮಾಣವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು. ಮನೆ ಮನೆಯಲ್ಲಿ ಕೊಡುವ ಚಹಾವನ್ನು ನಿರಾಕರಿಸಲು ಸಂಕೋಚ ಸಹಜ. ಆದರೆ ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೂ ಹತ್ತು ಲೋಟಕ್ಕೆ ಇಪ್ಪತ್ತು ಚಮಚ, ಅಂದರೆ 80 ಗ್ರಾಮಿಗೂ ಮಿಗಿಲು. ಒಂದು ಗುಟುಕು ಸ್ವೀಕರಿಸಿ ಕೈಮುಗಿದರೆ ಯಾರೂ ಅನ್ಯಥಾ ಭಾವಿಸುವುದಿಲ್ಲ.

ಮಧುಮೇಹಿಗಳು ಔಷಧ ಸೇವಿಸಿ ಊಟ ತಪ್ಪಿಸಬಾರದು. ನಡುಕ, ತಣ್ಣನೆಯ ಬೆವರು, ಮಂಕು ಕಂಡರೆ ಸಕ್ಕರೆ ಕುಸಿದಿರುವ ಸಂಭವವಿದೆ. ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲ ಇರಲಿ. ಗಂಟಲು ಕಟ್ಟಿದವರು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ, ಮಾತಿಗೆ ವಿರಾಮ ಕೊಡಬೇಕು. ಜ್ಯೇಷ್ಠಮಧುವನ್ನು ದಿನವೂ ಜಗಿಯುವವರು ಅದು ರಕ್ತದೊತ್ತಡವನ್ನು ಏರಿಸಬಲ್ಲುದೆಂಬುದನ್ನು ಮರೆಯಬಾರದು.

ಎದೆಯಲ್ಲಿ ಒತ್ತಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಿದರೆ ಅದನ್ನು ವಾಯುವೆಂದು ತಳ್ಳಿಹಾಕಬೇಡಿ. ತತ್‌ಕ್ಷಣ 108ಕ್ಕೆ ಕರೆ ಮಾಡಿ. ಬಿಸಿಲಿನಲ್ಲಿ ಮೈ ಕಾದು ಮಾತು ತೊದಲಿ ಕುಸಿದವರನ್ನು ನೆರಳಿಗೆ ಒಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು. ಅಭ್ಯರ್ಥಿಯ ಜೊತೆಯಲ್ಲಿ ಹೋಗುವವರೆಲ್ಲರೂ ಇಷ್ಟನ್ನು ತಿಳಿದಿರಬೇಕು. ಏಕೆಂದರೆ ಅಭ್ಯರ್ಥಿಗಿಂತ ಹೆಚ್ಚು ನಡೆಯುವವರು, ಹೆಚ್ಚು ಹಸಿಯುವವರು ಅವರೇ.

ಮುಂದಿನ ಚುನಾವಣೆಗೆ ನಿಲ್ಲುವ ಇಚ್ಛೆಯುಳ್ಳವರು ಅಧಿಸೂಚನೆಗಾಗಿ ಕಾಯದೆ ಈ ವಾರವೇ ರಕ್ತದೊತ್ತಡವನ್ನು ಅಳೆಸಿಕೊಂಡು, ನಾಳಿನಿಂದಲೇ 20 ನಿಮಿಷ ನಡೆಯಲಿ. ಮನೆಯವರೂ ಅವರೊಡನೆ ಹೆಜ್ಜೆ ಹಾಕಲಿ. ಚುನಾವಣೆಯಲ್ಲಿ ಗೆದ್ದರೆ ಐದು ವರ್ಷ ದುಡಿಯಲು, ಸೋತರೆ ಮನೆಮಂದಿಯ ನಡುವೆ ಸುಖವಾಗಿ ಬಾಳಲು, ಈ ಬಲವು ಎರಡು ಸಂದರ್ಭಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ.