ಮನೆಯ ಸಾಮಾನಿಗೆ ತಕ್ಕ ಮರ ಯಾವದು?

ಪ್ರತಿ ವರುಷ ಬೇಸಗೆಯ ರಜೆಗೆ ಮುಂಚೆ ನಮ್ಮ ಕಚೇರಿಗೆ ಬರುವ ತಾಯಂದಿರಲ್ಲಿ ಒಬ್ಬಿಬ್ಬರಾದರೂ, ಮಗಳ ವಿದ್ಯಾಭ್ಯಾಸದ ಮಾತು ಮುಗಿದ ಮೇಲೆ, ಮತ್ತೊಂದು ಪ್ರಶ್ನೆಯನ್ನು ಕೇಳುವದುಂಟು. "ಟೀಚರೇ, ದೊಡ್ಡವಳ ಮದುವೆಗೆ ಒಂದು ಮಂಚವನ್ನೂ ಒಂದು ಕಪಾಟನ್ನೂ ಮಾಡಿಸಬೇಕು. ಸಾಲ ಮಾಡಿಯಾದರೂ ತೇಗದಲ್ಲಿಯೇ ಮಾಡಿಸಬೇಕೋ?" ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಕೊಡುವ ಉತ್ತರವು ಸಾಲದು. ಈಗ ಗೃಹಿಣಿಯರಾಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ಮಕ್ಕಳ ಮಾತಾಪಿತೃಗಳಿಗೂ ಉಪಯೋಗವಾಗಲೆಂದು ನಾವು ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವದು ಒಳ್ಳೇದು. ಕೆಲವು ವರುಷಗಳ ಹಿಂದೆ ದಾಖಲೆಯ ಪುಸ್ತಕಗಳನ್ನು ಇಡುವದಕ್ಕಾಗಿ ನಾವು ತೇಗದ ಕಪಾಟೊಂದನ್ನು ಮಾಡಿಸಿದೆವು. ಅದು ಬಂದ ದಿನ ಅದರ ಹೊಳಪನ್ನು ನೋಡಿ ಎಲ್ಲರೂ ಹೊಗಳಿದರು. ಮುಂದಿನ ಬೇಸಗೆಯಲ್ಲಿ ಬಾಗಿಲಿನ ಹಲಗೆಯು ಮೇಲಿನಿಂದ ಕೆಳಗಿನ ವರೆಗೆ ಸೀಳಿತು. ಮಳೆಗಾಲದಲ್ಲಿ ಅದೇ ಬಾಗಿಲು ಉಬ್ಬಿ, ಅದನ್ನು ತೆರೆಯಲು ಇಬ್ಬರು ಬೇಕಾದರು. ಎರಡನೆಯ ವರುಷ ಕೆಳಗಿನ ಪಟ್ಟಿಯಿಂದ ಹಿಟ್ಟಿನಂಥ ಪುಡಿ ಉದುರತೊಡಗಿತು. ತೇಗವೆಂದು ಹೇಳಿ ಬೇರೆ ಮರವನ್ನು ಕೊಟ್ಟಿರಬೇಕೆಂದು ಸಂಶಯಪಟ್ಟು ನಾವು ಒಬ್ಬ ಹಿರಿಯ ಬಡಗಿಯನ್ನು ಕರೆಸಿ ತೋರಿಸಿದೆವು. ಅವರು ಒಂದು ಮೂಲೆಯನ್ನು ಉಳಿಯಿಂದ ಕೆತ್ತಿ, ಮೂಸಿ ನೋಡಿ, "ಮರ ತೇಗವೇ ಅಮ್ಮಾ. ಆದರೆ ಹಸಿಯದು, ಅರ್ಧಕ್ಕರ್ಧ ಬಿಳಿಮರ" ಎಂದರು. ಅದೇ ಕೋಣೆಯಲ್ಲಿ ನಮಗಿಂತ ಹಿರಿಯದಾದ ಒಂದು ಹಲಸಿನ ಮೇಜು ಯಾವ ಸಂದೂ ಸಡಿಲದೆ ನಿಂತಿತ್ತು. ಮರದ ಹೆಸರೊಂದನ್ನೇ ನಂಬಿ ಹಣ ಕೊಡಬಾರದೆಂಬ ಪಾಠವನ್ನು ನಾವು ಅಂದು ಕಲಿತೆವು.

ಹಸಿ ಮರವು ಹೀಗೇಕೆ ಮಾಡುತ್ತದೆ? ಮರವೆಂಬದು ಉದ್ದಕ್ಕೆ ಜೋಡಿಸಿದ ಅತಿ ಸೂಕ್ಷ್ಮವಾದ ಕೊಳವೆಗಳ ಕಟ್ಟು. ಈ ಕೊಳವೆಗಳ ಒಳಗೂ ಅವುಗಳ ಗೋಡೆಗಳಲ್ಲಿಯೂ ನೀರು ತುಂಬಿರುವದು. ಕಡಿದ ಮೇಲೆ ಒಳಗಿನ ನೀರು ಮೊದಲು ಆರುವದು; ಆಗ ಮರವು ಹಗುರವಾಗುವದೇ ಹೊರತು ಕುಗ್ಗದು. ಉಳಿದ ನೀರು ಒಣಮರದ ತೂಕದಲ್ಲಿ ಶೇಕಡಾ 30ಕ್ಕಿಂತ ಕಡಿಮೆಯಾಗುತ್ತಾ ಬಂದಾಗ ಗೋಡೆಗಳೇ ಒಣಗಿ ಮರವು ಕುಗ್ಗತೊಡಗುವದು. ಉದ್ದದಲ್ಲಿ ಈ ಕುಗ್ಗುವಿಕೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅಗಲದಲ್ಲಿ ಹೆಚ್ಚು, ಅದರಲ್ಲಿಯೂ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವದರ ಸುಮಾರು ಇಮ್ಮಡಿ. ಎಲ್ಲಾ ಕಡೆಗೂ ಸಮವಾಗಿ ಕುಗ್ಗದ ಕಾರಣದಿಂದಲೇ ಹಲಗೆಯು ಬಾಗುವದು, ಸೀಳುವದು. ಒಣಗಿದ ಮರವೂ ಮಳೆಗಾಲದ ಗಾಳಿಯಿಂದ ತೇವವನ್ನು ಹೀರಿ ಉಬ್ಬಿ, ಬೇಸಗೆಯಲ್ಲಿ ಅದನ್ನು ಬಿಟ್ಟು ಕುಗ್ಗುವದು. ಆದಕಾರಣ ಬಲ್ಲ ಬಡಗಿಯು ಬಾಗಿಲಿನ ನಡುಹಲಗೆಯನ್ನು ಅಂಟು ಹಾಕಿ ಬಿಗಿಯದೆ, ಚೌಕಟ್ಟಿನ ಒಳಗೆ ಕೊರೆದ ತೋಡಿನಲ್ಲಿ ಅಲ್ಪ ಸ್ಥಳ ಬಿಟ್ಟು ಕೂಡಿಸುತ್ತಾನೆ. ನಮ್ಮ ಕಪಾಟಿನಲ್ಲಿ ಅದನ್ನು ಅಂಟು ಹಾಕಿ ಬಿಗಿದಿದ್ದರು.

ಬಿಳಿಮರವೆಂದರೆ ತೊಗಟೆಯ ಕೆಳಗಿರುವ ಎಳೆಯ ಭಾಗ. ಅದರಲ್ಲಿ ಮರವು ಕೂಡಿಟ್ಟ ಪಿಷ್ಟವಿರುವದರಿಂದ ಕುಟ್ಟೆಹುಳುವು ಅದನ್ನೇ ಹುಡುಕಿಕೊಂಡು ಬರುವದು. ಒಳಗಿನ ಬಣ್ಣದ ಚೇಗಿನಲ್ಲಿ ಪಿಷ್ಟವಿಲ್ಲ. ಹುಳುಗಳಿಗೆ ಒಗ್ಗದ ಎಣ್ಣೆ, ಅಂಟುಗಳಿವೆ. ತೇಗದ ಬಿಳಿಮರಕ್ಕೆ ತೇಗದ ಚೇಗಿನ ಗುಣವಿಲ್ಲ. ಎಳೆಯ ಪ್ರಾಯದಲ್ಲಿಯೇ ಕಡಿದ ತೋಪಿನ ತೇಗದಲ್ಲಿ ಈ ಬಿಳಿಭಾಗವೇ ಹೆಚ್ಚಾಗಿರುವದು.

ಇಷ್ಟನ್ನು ತಿಳಿದ ಮೇಲೆ ನಮ್ಮ ಸೀಮೆಯ ಮರಗಳನ್ನು ಒಂದೊಂದಾಗಿ ಹೋಲಿಸಿ ನೋಡೋಣ.

ತೇಗ ಅಥವಾ ಸಾಗುವಾನಿಯು ಮೊದಲನೆಯ ಸ್ಥಾನಕ್ಕೆ ಯೋಗ್ಯವೇ ಸರಿ. ದೇಹರಾದೂನಿನಲ್ಲಿ 1906ರಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಮರಗಳನ್ನು ಪರೀಕ್ಷಿಸುವಾಗ ತೇಗದ ಗುಣವನ್ನು 100 ಎಂದಿಟ್ಟುಕೊಂಡು ಮಿಕ್ಕ ಮರಗಳನ್ನು ಅದರೊಡನೆ ಹೋಲಿಸಿದರು. ಒಣಗಿದ ತೇಗವು ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ ತೂಗುವದು. ಬಲಕ್ಕೆ ತಕ್ಕಂತೆ ಹಗುರವೆಂದೇ ಹೇಳಬೇಕು. ಅದು ಕುಗ್ಗುವದು ಕಡಿಮೆ. ಸ್ವಾಭಾವಿಕವಾದ ಎಣ್ಣೆಯಿರುವದರಿಂದ ಗೆದ್ದಲು ಅದರ ಚೇಗನ್ನು ಸುಲಭವಾಗಿ ಮುಟ್ಟದು. ಬಾಗಿಲು, ಕಿಟಕಿ, ಖಾನೆಗಳುಳ್ಳ ಮೇಜು, ಇಂಥ ಅಳತೆ ತಪ್ಪಬಾರದ ಕೆಲಸಕ್ಕೆ ಅದಕ್ಕೆ ಸಮಾನವಾದದ್ದು ವಿರಳ.

ಬೀಟೆಯು ಮರಗಳಲ್ಲಿ ಶ್ರೀಮಂತ. ಕಪ್ಪು ಗೆರೆಗಳುಳ್ಳ ನೇರಳೆಗಂದು ಬಣ್ಣದ ಈ ಮರವು ಘನ ಮೀಟರಿಗೆ ಸುಮಾರು 850 ಕಿಲೋಗ್ರಾಂ ತೂಗುವದು. ಮೈಸೂರಿನ ಕುಸುರಿಗಾರರು ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸುವದು ಬೀಟೆಯ ಹಲಗೆಯಲ್ಲಿಯೇ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂಡಿಸಿದ ಬೀಟೆಯ ಬಾಗಿಲನ್ನು ಇಂದಿಗೂ ಕಾಣಬಹುದು. ಆದರೆ ಅದು ನಿಧಾನವಾಗಿ ಬೆಳೆಯುವ ಮರ. ಕಾಡಿನಲ್ಲಿ ಬಹಳ ಕಡಿಮೆಯಾಗಿದೆ. 2017ರಿಂದ ಅದರ ಕುಲದ ಮರಗಳೆಲ್ಲವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಮ ಹಾಕಿದ್ದಾರೆ. ಅಜ್ಜಿಯ ಕಾಲದ ಬೀಟೆಯ ಪೆಟ್ಟಿಗೆ ಮನೆಯಲ್ಲಿದ್ದರೆ ಅದನ್ನು ಮಾರದೆ, ಒರಸಿ ಇಟ್ಟುಕೊಳ್ಳಿರಿ, ಹೊಸದಕ್ಕೆ ಆಶೆಪಡಬೇಡಿರಿ.

ಹಲಸನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ. ಯಾಕಂದರೆ ಹಿತ್ತಿಲಲ್ಲಿರುವದನ್ನು ನಾವು ಕಡೆಗಣಿಸುತ್ತೇವೆ. ಕೊಯ್ದಾಗ ಅರಸಿನದಂತೆ ಹಳದಿಯಾಗಿರುವ ಅದರ ಚೇಗು ಬೆಳಕು ಗಾಳಿ ತಾಕಿದಂತೆಲ್ಲಾ ಕಂದು ಬಣ್ಣಕ್ಕೆ ತಿರುಗಿ, ವರುಷಗಳು ಕಳೆದ ಹಾಗೆ ನೋಡಲು ಅಂದವಾಗುವದು. ತೂಕದಲ್ಲಿ ತೇಗಕ್ಕಿಂತ ತುಸು ಕಡಿಮೆ. ಕೀಸುಳಿಗೆ ಸುಲಭವಾಗಿ ಒಗ್ಗುವದು. ಗೆದ್ದಲನ್ನು ಚೆನ್ನಾಗಿ ತಡೆಯುವದು. ವೀಣೆಯ ಕೊಡವನ್ನೂ ಮೃದಂಗದ ಒಡಲನ್ನೂ ಹಲಸಿನಲ್ಲಿ ಕಡೆಯುವರೆಂದ ಮೇಲೆ ಅದರ ಯೋಗ್ಯತೆಗೆ ಬೇರೆ ಸಾಕ್ಷಿ ಬೇಕೇ? ಬಲದಲ್ಲಿ ಅದು ತೇಗಕ್ಕೆ ಸರಿಗಟ್ಟದು. ಉದ್ದವಾದ ನೇರ ಹಲಗೆಗಳು ದೊರೆಯುವದೂ ಕಷ್ಟ. ಆದರೂ ಮಂಚ, ಕುರ್ಚಿ, ಮೇಜುಗಳಿಗೆ ಅದು ಧಾರಾಳವಾಗಿ ಸಾಕು.

ಹೊನ್ನೆಯು ಗಟ್ಟಿಯಾದ, ಬಾಳಿಕೆಯ ಮರ. ಆದರೆ ಅದರಲ್ಲಿ ಬಣ್ಣ ಬಿಡುವ ಅಂಟಿರುವದರಿಂದ ಒದ್ದೆಯಾದರೆ ಬಟ್ಟೆಗೂ ಸುಣ್ಣದ ಗೋಡೆಗೂ ಕಲೆಯಾಗುವದು. ಬಟ್ಟೆಯ ಕಪಾಟಿಗೆ ಅದನ್ನು ಆರಿಸಬೇಡಿರಿ. ಮತ್ತಿಯು ತೊಲೆಗೂ ಕಂಬಕ್ಕೂ ತಕ್ಕದ್ದು. ಬಹು ಭಾರ, ಒಣಗುವಾಗ ಬಿರುಕು ಬಿಡುವ ಸ್ವಭಾವ, ಮೊದಲೇ ತೂತು ಕೊರೆಯದೆ ಮೊಳೆ ಹೊಡೆದರೆ ಸೀಳುವದು. ಮಾವು ಅಗ್ಗ, ಕೆಲಸಕ್ಕೆ ಮೃದು. ಆದರೆ ಹುಳುವಿಗೂ ಗೆದ್ದಲಿಗೂ ಬೇಗ ತುತ್ತಾಗುವದು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರನ್ನು ಹೀರಿಸಿ ಒಣಗಿಸಿದರೆ ಮನೆಯೊಳಗಿನ ಕಪಾಟಿನ ತಟ್ಟುಗಳಿಗೆ ಆಗುವದು. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಬಿಳಿಯ ಆಲೆಮರವು ಕಡೆತದ ಸಣ್ಣ ಕೆಲಸಕ್ಕೆ ಅತ್ಯುತ್ತಮ, ಮಂಚಕ್ಕೆ ಅಲ್ಲ.

ಇನ್ನು ಮರವನ್ನು ಕೊಳ್ಳುವಾಗ ಮಾಡತಕ್ಕದ್ದೇನು? ಮೆರುಗೆಣ್ಣೆ ಬಳಿಯುವದಕ್ಕಿಂತ ಮುಂಚೆಯೇ ಹೋಗಿ ನೋಡಿರಿ. ಬಳಿದ ಮೇಲೆ ಬಿಳಿಮರವೂ ಚೇಗೂ ಒಂದೇ ಬಣ್ಣವಾಗುವವು. ಹಲಗೆಯ ಕೊನೆಯ ಕೊಯ್ತವನ್ನು ನೋಡಿದರೆ ಬಿಳಿಭಾಗ ಎಷ್ಟೆಂಬದು ತಿಳಿಯುವದು. ಮನೆಯದೇ ಮರವಾದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ. 1976ರ ಕಾಯಿದೆಯ ಪ್ರಕಾರ ಹಲವು ಜಾತಿಯ ಮರಗಳಿಗೆ ಅಪ್ಪಣೆ ಬೇಕು. ಕೊಯ್ಸಿದ ಹಲಗೆಗಳನ್ನು ನೆಲದಿಂದ ಒಂದಡಿ ಮೇಲೆ, ನೆರಳಿನಲ್ಲಿ, ನಡುನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿರಿ. ಎರಡು ತುದಿಗಳಿಗೂ ಬಣ್ಣವನ್ನೋ ಮೇಣವನ್ನೋ ಬಳಿಯಿರಿ, ಇಲ್ಲವಾದರೆ ತುದಿಗಳು ಬೇಗ ಒಣಗಿ ಬಿರಿಯುವವು. ಅದೇ ಮರದ ಒಂದು ತುಂಡನ್ನು ಗುರುತು ಮಾಡಿ, ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ತೂಕ ಇಳಿಯುವದು ನಿಂತ ಮೇಲೆ ಬಡಗಿಯನ್ನು ಕರೆಯಿರಿ. ಇದಕ್ಕೆ ಕೆಲವು ತಿಂಗಳುಗಳು ಬೇಕು. ಆದಕಾರಣ ಮದುವೆಯ ದಿನ ಗೊತ್ತಾದ ಮೇಲೆ ಮರ ಹುಡುಕಲು ಹೊರಡಬಾರದು.

ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವು ಇದು: ಕೈಯಲ್ಲಿ ಹಣವಿದ್ದರೆ ಚೆನ್ನಾಗಿ ಬಲಿತು ಒಣಗಿದ ತೇಗ, ಇಲ್ಲವಾದರೆ ಅದೇ ರೀತಿ ಒಣಗಿದ ಹಲಸು. ಹಸಿ ತೇಗಕ್ಕಾಗಿ ಸಾಲವನ್ನಂತೂ ಮಾಡಬೇಡಿರಿ. ಸಾಲ ತೀರುವ ಮೊದಲೇ ಬಾಗಿಲು ಸೀಳೀತು.

ನಮ್ಮ ಕಪಾಟನ್ನು ಆ ಹಿರಿಯ ಬಡಗಿಯು ಬಿಚ್ಚಿ, ಹುಳು ತಿಂದ ಪಟ್ಟಿಯನ್ನು ತೆಗೆದು ಹಲಸಿನದನ್ನು ಹಾಕಿ, ಬಾಗಿಲ ಹಲಗೆಯನ್ನು ತೋಡಿನಲ್ಲಿ ಸಡಿಲವಾಗಿ ಕೂಡಿಸಿಕೊಟ್ಟರು. ಅದು ಈಗಲೂ ಕಚೇರಿಯಲ್ಲಿದೆ. ಮಳೆಗಾಲದಲ್ಲಿ ನೀವು ಶಾಲೆಗೆ ಬಂದರೆ ಒಂದೇ ಕೈಯಿಂದ ಅದನ್ನು ತೆರೆದು ತೋರಿಸುವೆವು.