ಸ್ವಸ್ಥವೆಂದು ತೋರುವ ಕುದುರೆ

ಮೇವನ್ನು ಮಿಗಿಸದೆ ತಿಂದು, ಮಿರುಗುವ ಮೈಯಿಂದ ಸವಾರನನ್ನು ಹೊತ್ತೋಡುವ ಕುದುರೆಗೆ ನೋವಿಲ್ಲವೆಂದು ನಿರ್ಣಯಿಸುವುದು ಸಹಜವಾದರೂ ಆ ನಿರ್ಣಯವು ಅನೇಕ ವೇಳೆ ತಪ್ಪಾಗಿರುತ್ತದೆ. ಬಯಲಿನಲ್ಲಿ ಹಿಂಸ್ರಪಶುಗಳ ಕಣ್ಣೆದುರಿಗೇ ಬಾಳಿಬಂದ ಈ ಪ್ರಾಣಿಯ ಕುಲದಲ್ಲಿ, ಕುಂಟನ್ನು ತೋರಗೊಡದೆ ಹಿಂಡಿನೊಡನೆ ಸಾಗಬಲ್ಲದ್ದೇ ಬದುಕಿ ಉಳಿಯಿತಾಗಿ, ವೇದನೆಯನ್ನು ಅಡಗಿಸುವ ಸ್ವಭಾವವು ಅದರಲ್ಲಿ ಬೇರೂರಿತೆಂದು ಪ್ರಾಣಿಶಾಸ್ತ್ರಜ್ಞರು ಭಾವಿಸುತ್ತಾರೆ. ಮನುಷ್ಯನ ಸಾನ್ನಿಧ್ಯವೂ ನೋವನ್ನು ಮರೆಮಾಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದ ಪಶುವೈದ್ಯಶಾಲೆಯೊಂದರಲ್ಲಿ, ಮೂಳೆಯ ಶಸ್ತ್ರಚಿಕಿತ್ಸೆಯಾದ ಕುದುರೆಗಳನ್ನು ಕ್ಯಾಮೆರಾದ ಮೂಲಕ ಅವಲೋಕಿಸಿದಾಗ, ಪರಿಚಾರಕರು ಲಾಯದೊಳಗೆ ಬಂದೊಡನೆ ಅವುಗಳ ನೋವಿನ ಚೇಷ್ಟೆಗಳು ತಗ್ಗಿಹೋಗುತ್ತಿದ್ದವು. ಆದುದರಿಂದ ಪರೀಕ್ಷಕನು ಮೊದಲು ಕುದುರೆಗೆ ಕಾಣದಂತೆ ದೂರ ನಿಂತು, ಸಾವಧಾನವಾಗಿ ನೋಡತಕ್ಕದ್ದು.

ಹಿಂಗಾಲೊಂದನ್ನು ಸಡಿಲಿಸಿ ನಿಲ್ಲುವುದು ಕುದುರೆಗೆ ವಿಶ್ರಾಂತಿ; ಮುಂಗಾಲೊಂದನ್ನು ಮುಂಚಾಚಿ, ಅದರ ಮೇಲೆ ಭಾರವಿಡದೆ ನಿಂತರೆ ಶಂಕಿಸಬೇಕು. ಮತ್ತೆಮತ್ತೆ ತನ್ನ ಪಕ್ಕೆಯನ್ನು ತಿರುಗಿ ನೋಡುವುದು ಉದರಶೂಲೆಯ ಸೂಚನೆ. ವಿಶ್ರಾಂತ ಅಶ್ವದ ಹೃದಯವು ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. ತೀವ್ರಶೂಲೆಯಲ್ಲಿ ಏರುವ ಈ ಸಂಖ್ಯೆಯು ಬಹುಕಾಲದ ಮಂದವೇದನೆಯಲ್ಲಿ ಅಲುಗದೆಯೂ ಇರಬಹುದಾದ್ದರಿಂದ, ನಾಡಿಯೊಂದನ್ನೇ ನಂಬಲಾಗದು. ನಡಿಗೆಯೂ ವಂಚಿಸಬಲ್ಲುದು. ಒಂದು ಮುಂಗಾಲು ನೊಂದಿದ್ದರೆ, ಅದು ನೆಲವನ್ನೂರುವ ಗಳಿಗೆಯಲ್ಲಿ ತಲೆ ಮೇಲಕ್ಕೇಳುತ್ತದೆ; ಎರಡೂ ಸಮವಾಗಿ ನೊಂದಿದ್ದರೆ ಈ ಏರಿಳಿತವೇ ಅಳಿದು, ಹೆಜ್ಜೆ ಮಾತ್ರ ಗಿಡ್ಡವಾಗುವುದರಿಂದ, ಹೆಚ್ಚು ನೊಂದ ಕುದುರೆಯೇ ಹೆಚ್ಚು ಸಮಗತಿಯದೆಂದು ತೋರುತ್ತದೆ.

ಮುಖದಲ್ಲಿ ವೇದನೆಯ ಗುರುತು ಇನ್ನೂ ಸ್ಪಷ್ಟವಾಗಿರುತ್ತದೆ. 2014ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರ ನೇತೃತ್ವದಲ್ಲಿ, ವೃಷಣಚ್ಛೇದನಕ್ಕೊಳಗಾದ ಕುದುರೆಗಳ ಮುಖವನ್ನು ಪರಿಶೀಲಿಸಿ ಆರು ಲಕ್ಷಣಗಳ ಮಾಪಕವೊಂದನ್ನು ರಚಿಸಲಾಯಿತು: ಬಿಗಿದು ಹಿಂದಿರುಗಿದ ಕಿವಿ, ಅರೆಮುಚ್ಚಿದ ಕಣ್ಣು, ಅದರ ಮೇಲೆ ಎದ್ದುಕಾಣುವ ಎಲುಬಿನ ಅಂಚು, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ ಮತ್ತು ಗದ್ದ, ಸೆಟೆದ ಹೊಳ್ಳೆ. ಒಂದೊಂದಕ್ಕೂ 0ಯಿಂದ 2ರವರೆಗೆ ಅಂಕ, ಒಟ್ಟು 12. ತೂಕಡಿಸುವ ಕುದುರೆಯೂ ಕಣ್ಣನ್ನು ಅರೆಮುಚ್ಚುವುದಾದ್ದರಿಂದ ಎಚ್ಚರದಲ್ಲಿರುವಾಗಲೇ ನೋಡಬೇಕು.

ಜೀನು ಬಿಗಿದ ಮೇಲೆ ಮಾತ್ರ ಹೊರಬೀಳುವ ನೋವೂ ಉಂಟು. ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಬಹುಕಾಲ ಸೇವೆಸಲ್ಲಿಸಿದ ಪಶುವೈದ್ಯೆ ಸೂ ಡೈಸನ್ ಅವರೂ ಸಹೋದ್ಯೋಗಿಗಳೂ 2018ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಸವಾರಿಯ ಕಾಲದ 24 ವರ್ತನೆಗಳಿವೆ: ಬಾಲವನ್ನು ಬೀಸುತ್ತಲೇ ಇರುವುದು, ಬಾಯಿ ತೆರೆದು ಹಲ್ಲುಗಳನ್ನು ಅಗಲಿಸುವುದು, ದಿಟ್ಟಿ ಮಿಸುಕದೆ ನಿಲ್ಲುವುದು, ಹಿಂಗಾಲಿನ ಗೊರಸನ್ನು ನೆಲಕ್ಕೆ ಉಜ್ಜುವುದು, ಮುಂದೆ ಸಾಗಲೊಲ್ಲದಿರುವುದು ಮೊದಲಾದವು. ಇವುಗಳಲ್ಲಿ 8 ಅಥವಾ ಹೆಚ್ಚು ಕಂಡುಬಂದರೆ ಎಲುಬು ಕೀಲು ಸ್ನಾಯುಗಳಲ್ಲಿ ನೋವಿರುವುದು ಬಹುಮಟ್ಟಿಗೆ ಸಂಭವ. ಇವನ್ನೇ ನಾವು ಹಟಮಾರಿತನ, ಸೋಮಾರಿತನಗಳೆಂದು ಹೆಸರಿಸಿ ಚಾವಟಿಯಿಂದ ತಿದ್ದಹೊರಟಿದ್ದೆವೆಂಬುದು ಅತ್ಯಂತ ಖೇದಕರ. ಏಕೆಂದರೆ ನೊಂದ ಭಾಗದ ನರಕ್ಕೆ ಮರಗಟ್ಟಿಸುವ ಸೂಜಿಮದ್ದನ್ನು ಕೊಟ್ಟು, ಅದೇ ಕುದುರೆಯನ್ನು ಅದೇ ಸವಾರನು ಮರಳಿ ಏರಿದಾಗ, ಈ ದುರ್ಗುಣಗಳಲ್ಲಿ ಬಹುಭಾಗವು ಆ ಹೊತ್ತೇ ಇಲ್ಲವಾಗುವುದನ್ನು ಡೈಸನ್ನರ ಪರೀಕ್ಷೆಗಳು ತೋರಿಸಿವೆ.